ಸಾಲಿಟೇರ್ ಆಟ ನಡುವೆ ನಿಂತುಹೋದರೆ ದೋಷ ಹುಡುಕುವುದು ಹೇಗೆ

ಒಬ್ಬರೇ ಕೂತು ಆಡುವ ಇಸ್ಪೀಟಿನಲ್ಲಿ ಆಟ ನಿಂತುಹೋದರೆ ಹೆಚ್ಚಿನವರು ಮಾಡುವುದು ಒಂದೇ ಕೆಲಸ. ಎಲೆಗಳನ್ನೆಲ್ಲ ಒಟ್ಟು ಮಾಡಿ, ಕಲೆಸಿ, ಮತ್ತೆ ಹಾಕುತ್ತಾರೆ. "ಇವತ್ತು ಎಲೆ ಸರಿ ಬೀಳ್ತಾ ಇಲ್ಲ" ಅಂತ ಒಂದು ಮಾತು ಹೇಳಿದರೆ ಮುಗಿಯಿತು. ಆದರೆ ಆಟ ಯಾಕೆ ನಿಂತಿತು ಎನ್ನುವುದಕ್ಕೆ ಸಾಕ್ಷಿ ಚಾಪೆಯ ಮೇಲೆ ಹಾಗೇ ಬಿದ್ದಿರುತ್ತದೆ. ಎಲೆ ಒಟ್ಟು ಮಾಡಿದ ಕೂಡಲೇ ಅದು ಹೋಯಿತು. ಹಾಗಾಗಿ ನಾನು ಎಲ್ಲರಿಗೂ ಮೊದಲು ಹೇಳುವುದು ಇಷ್ಟೇ: ಆಟ ನಿಂತರೆ ಎಲೆಗೆ ಕೈ ಹಚ್ಚಬೇಡಿ. ಮೊದಲು ಅದನ್ನು ಓದಿ.

ನಮ್ಮ ಉತ್ತರ ಕನ್ನಡದಲ್ಲಿ ಈ ಆಟದ ಕಾಲ ಅಂದರೆ ಮಳೆಗಾಲ. ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟುಗಳು ಸಾಲಾಗಿ ನಿಂತಿರುತ್ತವೆ. ಘಟ್ಟದ ಮೇಲೆ ಶಿರಸಿ ಕಡೆ ಕರೆಂಟ್ ಹೋದರೆ ಯಾವಾಗ ಬರುತ್ತದೆ ಎಂದು ಹೇಳಲಾಗದು. ಮೊಬೈಲ್ ಚಾರ್ಜ್ ಮುಗಿದ ಮೇಲೆ ಕಪಾಟಿನಿಂದ ಹಳೇ ಇಸ್ಪೀಟ್ ಕಟ್ಟು ಹೊರಗೆ ಬರುತ್ತದೆ.

ತೊಂದರೆ ಶುರುವಾಗುವುದೂ ಅಲ್ಲೇ. 1990ರಲ್ಲಿ ವಿಂಡೋಸ್ 3.0 ಜೊತೆ ಸಾಲಿಟೇರ್ ಬಂತು. ಆಮೇಲೆ ಎಷ್ಟೋ ಜನ ಈ ಆಟ ಕಲಿತದ್ದೇ ಕಂಪ್ಯೂಟರಿನಲ್ಲಿ. ಕಂಪ್ಯೂಟರ್ ತಾನೇ ಎಲೆ ಕಲೆಸುತ್ತದೆ, ತಾನೇ ಹಂಚುತ್ತದೆ, ತಪ್ಪು ಜಾಗಕ್ಕೆ ಇಟ್ಟರೆ ವಾಪಸ್ ಕಳಿಸುತ್ತದೆ. ಅದರ ಕಟ್ಟಿನಲ್ಲಿ ಎಂದೂ ಒಂದು ಎಲೆ ಕಡಿಮೆ ಇರುವುದಿಲ್ಲ. ಕೈಯಲ್ಲಿ ಆಡುವಾಗ ಈ ಎಲ್ಲ ಜವಾಬ್ದಾರಿ ನಮ್ಮದು. ಆದರೆ ಅದನ್ನು ನಮಗೆ ಯಾರೂ ಕಲಿಸಿಕೊಟ್ಟಿರುವುದಿಲ್ಲ.

ತೋಟದ ಪಂಪ್ ನೀರು ಎತ್ತದಿದ್ದರೆ ಯಾರೂ ಮೊದಲಿಗೇ ಮೋಟಾರ್ ಬಿಚ್ಚುವುದಿಲ್ಲ. ಕರೆಂಟ್ ಇದೆಯಾ ನೋಡುತ್ತಾರೆ, ಆಮೇಲೆ ಫುಟ್‌ವಾಲ್ವ್, ಮೋಟಾರ್ ಕೊನೆಗೆ. ಇಲ್ಲೂ ಹಾಗೇ. ಮೊದಲು ಕಟ್ಟು, ಆಮೇಲೆ ಹಂಚಿದ ರೀತಿ, ಆಮೇಲೆ ಕಟ್ಟು ತಿರುವುವ ಕೈ, ಆಮೇಲೆ ನಮ್ಮ ಆಟ. ಈ ನಾಲ್ಕೂ ಸರಿ ಇದ್ದರೆ ಮಾತ್ರ ಅದೃಷ್ಟವನ್ನು ದೂರಬೇಕು.

ಸರಿ ಇರುವ ಆಟ ಹೇಗಿರುತ್ತದೆ

ದೋಷ ಗೊತ್ತಾಗಬೇಕಾದರೆ ಸರಿ ಯಾವುದು ಎಂದು ಗೊತ್ತಿರಬೇಕು ಅಲ್ವಾ? ಇಲ್ಲಿ ಹೇಳುತ್ತಿರುವುದು ಕ್ಲೋಂಡೈಕ್ ಬಗ್ಗೆ. ಸಾಲಿಟೇರ್ ಅಂದರೆ ಹೆಚ್ಚಿನವರ ಮನಸ್ಸಿಗೆ ಬರುವ ಆಟ ಇದೇ. ಒಂದು ಕಟ್ಟು, ಜೋಕರ್ ಬಿಟ್ಟು 52 ಎಲೆ. ಎಡದಿಂದ ಬಲಕ್ಕೆ ಏಳು ಸಾಲು. ಮೊದಲ ಸಾಲಿನಲ್ಲಿ ಒಂದು ಎಲೆ, ಎರಡನೆಯದರಲ್ಲಿ ಎರಡು, ಹೀಗೆ ಏಳನೆಯದರಲ್ಲಿ ಏಳು. ಪ್ರತಿ ಸಾಲಿನ ಕೊನೆಯ ಎಲೆ ಮಾತ್ರ ತೆರೆದಿರುತ್ತದೆ. ಅಂದರೆ ಸಾಲುಗಳಲ್ಲಿ 28 ಎಲೆ, ಅದರಲ್ಲಿ 7 ತೆರೆದದ್ದು, 21 ಮುಚ್ಚಿದ್ದು. ಕೈಯಲ್ಲಿ ಉಳಿಯುವುದು 24.

ಸಾಲುಗಳಲ್ಲಿ ಎಲೆಗಳು ದೊಡ್ಡದರಿಂದ ಚಿಕ್ಕದಕ್ಕೆ ಇಳಿಯಬೇಕು, ಕೆಂಪು ಕಪ್ಪು ಒಂದರ ಮೇಲೊಂದು ಬರಬೇಕು. ಕಪ್ಪು ಗುರುತಿನ ಇಸ್ಪೀಟ್ 9ರ ಮೇಲೆ ಕೆಂಪು ಗುರುತಿನ ಆಟಿನ್ 8 ಅಥವಾ ಡೈಮಂಡ್ 8 ಕೂರುತ್ತದೆ, ಕ್ಲಾವರ್ 8 ಕೂಡ ಕಪ್ಪು, ಹಾಗಾಗಿ ಕೂರುವುದಿಲ್ಲ. ಸಾಲು ಖಾಲಿಯಾದರೆ ಅಲ್ಲಿಗೆ ರಾಜ ಮಾತ್ರ ಬರಬಹುದು, ಒಂಟಿಯಾಗಿ ಅಥವಾ ತನ್ನ ಮೇಲಿನ ಎಲೆಗಳ ಜೊತೆ. ಮೇಲ್ಗಡೆ ನಾಲ್ಕು ಜಾಗ ಬಿಟ್ಟಿರುತ್ತೇವೆ, ಅದನ್ನು ಮನೆ ಎಂದು ಕರೆಯೋಣ. ಒಂದೊಂದು ಮನೆಗೆ ಒಂದೊಂದು ಗುರುತು, ಎಕ್ಕದಿಂದ ಶುರುವಾಗಿ ರಾಜನವರೆಗೆ. 52 ಎಲೆಯೂ ಮನೆ ಸೇರಿದರೆ ಆಟ ಮುಗಿಯಿತು. ಕೈಯಲ್ಲಿ ಉಳಿದ ಕಟ್ಟಿನಿಂದ ಒಂದೊಂದೇ ಎಲೆ ತೆಗೆದು ಆಡಬಹುದು, ಇಲ್ಲ ಮೂರು ಮೂರು ತೆಗೆದು ಮೇಲಿನದನ್ನು ಮಾತ್ರ ಬಳಸಬಹುದು. ಆಟದ ರುಚಿ ಇರುವುದು ಮೂರರಲ್ಲಿ.

ಕಟ್ಟಿನ ದೋಷ

ಮೊದಲ ಪರೀಕ್ಷೆ ತುಂಬಾ ಸುಲಭ. ಮೂರು ಮೂರು ತೆಗೆಯುವವರು ಮೊದಲ ಸುತ್ತಿನ ಕೊನೆಯನ್ನು ಗಮನಿಸಿ. 24 ಎಲೆ ಅಂದರೆ ಸರಿಯಾಗಿ ಎಂಟು ಸಲ ತೆಗೆಯಬೇಕು, ಎಂಟನೇ ಸಲವೂ ಕೈಗೆ ಮೂರೇ ಎಲೆ ಬರಬೇಕು. ಮಧ್ಯೆ ನೀವು ಎಲೆ ಬಳಸಿದ್ದರೂ ಮೊದಲ ಸುತ್ತಿಗೆ ಈ ಲೆಕ್ಕ ಬದಲಾಗುವುದಿಲ್ಲ. ಕೊನೆಗೆ ಎರಡೇ ಎಲೆ ಉಳಿಯಿತು ಅಥವಾ ಒಂದು ಜಾಸ್ತಿ ಬಂತು ಅಂದರೆ ಅಲ್ಲೇ ನಿಲ್ಲಿಸಿ. ಮುಂದೆ ಆಡಿ ಪ್ರಯೋಜನವಿಲ್ಲ.

ಒಂದು ಜಾಸ್ತಿ ಇದ್ದರೆ ಸಾಮಾನ್ಯವಾಗಿ ಅದು ಜೋಕರ್. ಒಂದು ಕಡಿಮೆ ಇದ್ದರೆ ಎರಡು ಕಾರಣ ಇರಬಹುದು. ಕಟ್ಟಿನಲ್ಲೇ ಎಲೆ ಇಲ್ಲ, ಅಥವಾ ಹಂಚುವಾಗ ಎರಡು ಎಲೆ ಅಂಟಿಕೊಂಡು ಒಂದೇ ಜಾಗಕ್ಕೆ ಬಿದ್ದಿವೆ. ಯಾವುದು ಎಂದು ತಿಳಿಯಲು ಸಾಲುಗಳ ಮುಚ್ಚಿದ ಎಲೆಗಳನ್ನು ಬೆರಳಲ್ಲಿ ಸರಿಸಿ ಎಣಿಸಿ. ಹಂಚಿದ ಕೂಡಲೇ ನೋಡಿದರೆ ಎಡದಿಂದ ಸೊನ್ನೆ, ಒಂದು, ಎರಡು, ಮೂರು, ನಾಲ್ಕು, ಐದು, ಆರು ಇರಬೇಕು. ಎಲ್ಲಾದರೂ ಒಂದು ಹೆಚ್ಚಿದ್ದರೆ ಅಂಟಿಕೊಂಡದ್ದು ಅಲ್ಲೇ. ಎಲ್ಲ ಸರಿ ಇದ್ದರೆ ಕಟ್ಟಿನಲ್ಲಿ 51 ಎಲೆ.

ಮಳೆಗಾಲದಲ್ಲಿ ಈ ಅಂಟುವ ತೊಂದರೆ ನಮ್ಮ ಕಡೆ ತುಂಬಾ ಜಾಸ್ತಿ. ಕಾಗದದ ಎಲೆ ಗಾಳಿಯ ತೇವ ಹೀರಿಕೊಂಡು ಉಬ್ಬುತ್ತದೆ, ಬದಿಗಳು ಮೆತ್ತಗಾಗುತ್ತವೆ, ಒಂದಕ್ಕೊಂದು ಅಂಟುತ್ತವೆ. ಮೂರು ತೆಗೆದೆ ಅಂದುಕೊಂಡವರ ಕೈಯಲ್ಲಿ ನಾಲ್ಕು ಇರುತ್ತದೆ. ಕಡಲ ಪಕ್ಕದ ಮನೆಗಳಲ್ಲಿ ಬೆವರುವ ಕೈ ಬೇರೆ. ಆಡುವ ಮೊದಲು ಒಣ ಹತ್ತಿ ಬಟ್ಟೆಯಲ್ಲಿ ಎಲೆಗಳನ್ನು ಒರೆಸಿ. ಚಿಟಿಕೆ ಟಾಲ್ಕಂ ಪೌಡರ್ ಸವರಿದರೆ ಇನ್ನೂ ಒಳ್ಳೆಯದು, ಆದರೆ ಬಟ್ಟೆಗೆ ಹಾಕಿ ಸವರಿ, ಎಲೆಗೆ ನೇರ ಸುರಿಯಬೇಡಿ. ಆಟ ಮುಗಿದ ಮೇಲೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಡಿ. ಬಿಸಿಲು ಕಂಡಿತು ಅಂತ ಅಂಗಳದಲ್ಲಿ ಹರವಲು ಹೋಗಬೇಡಿ, ಎಲೆ ಬಾಗುತ್ತದೆ. ಬಾಗಿದ ಎಲೆ ಮುಚ್ಚಿದ್ದರೂ ಗುರುತು ಸಿಗುತ್ತದೆ. ಪ್ಲಾಸ್ಟಿಕ್ ಎಲೆ ಸಿಕ್ಕರೆ ಕರಾವಳಿಗೆ ಅದೇ ಸರಿ. ತೇವ ಹೀರುವುದಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಬಹುದು. ಕವಳ, ಅಂದರೆ ವೀಳ್ಯದೆಲೆ ಅಡಿಕೆ, ಹಾಕುವ ಮನೆಗಳಿಗಂತೂ ನಾನು ಇದನ್ನೇ ಹೇಳುತ್ತೇನೆ. ಸುಣ್ಣ ಮುಟ್ಟಿದ ಬೆರಳು ಎಲೆಯ ಬೆನ್ನಿಗೆ ತಾಗಿದರೆ ಆ ಎಲೆ ಮುಂದೆ ಎಲ್ಲಿದ್ದರೂ ಗೊತ್ತಾಗುತ್ತದೆ.

ಇಷ್ಟೆಲ್ಲ ಎಣಿಸಿ ಸರಿ ಬಂದರೂ ಕಟ್ಟು ಹಾಳಾಗಿರಬಹುದು. ಇದು ನನಗೆ ಗೊತ್ತಾದದ್ದು ಶಿರಸಿ ಹತ್ತಿರದ ಅತ್ತೆಯ ಮನೆಯಲ್ಲಿ. ಅತ್ತೆ ದಿನವೂ ರಾತ್ರಿ ಊಟದ ಮೇಲೆ ಸಾಲಿಟೇರ್ ಆಡುತ್ತಿದ್ದರು. ಒಳ್ಳೆಯ ಆಟಗಾರ್ತಿ. ಆದರೆ ಕೆಲವು ದಿನಗಳಿಂದ ಆಟ ಕೊನೆ ಮುಟ್ಟುತ್ತಲೇ ಇರಲಿಲ್ಲ. "ಎಂತ ಮಾಡಿದ್ರೂ ಕಡಿಗೆ ನಿಂತೋಗ್ತು ಮಾಣಿ, ನಂಗೇ ಕಣ್ಣು ಕಾಣ್ತಿಲ್ಲೆ ಕಾಣ್ತು" ಎಂದು ಬೇಸರ ಮಾಡಿಕೊಂಡಿದ್ದರು. ಎಣಿಸಿದರೆ 52 ಎಲೆ. ಕೈಯಲ್ಲಿ 24. ಎಲ್ಲ ಸರಿ.

ಅವತ್ತು ನಿಂತ ಆಟವನ್ನು ಹಾಗೇ ಬಿಡಲು ಹೇಳಿ ಪಕ್ಕದಲ್ಲಿ ಕೂತು ನೋಡಿದೆ. ಮೂರು ಮನೆಗಳು ರಾಜನವರೆಗೆ ತುಂಬಿದ್ದವು. ಇಸ್ಪೀಟ್ ಮನೆ 7ಕ್ಕೆ ನಿಂತಿತ್ತು. ಹೊರಗೆ ಉಳಿದದ್ದು ಆರು ಎಲೆ: ಇಸ್ಪೀಟ್ 9, 10, ಗುಲಾಮ, ರಾಣಿ, ರಾಜ, ಮತ್ತೆ ಒಂದು ಕ್ಲಾವರ್ 8. ಕ್ಲಾವರ್ ಮನೆಯೊಳಗೆ ಆಗಲೇ ಒಂದು 8 ಕೂತಿತ್ತು! ಹಗಲು ಮಕ್ಕಳು ರಮ್ಮಿ ಆಡುತ್ತಿದ್ದರು. ರಮ್ಮಿಗೆ ಎರಡು ಕಟ್ಟು ಸೇರಿಸುತ್ತಾರೆ. ಎರಡರ ಬೆನ್ನಿನ ಚಿತ್ರವೂ ಒಂದೇ. ಆಮೇಲೆ 52 ಎಣಿಸಿ ಬೇರೆ ಮಾಡಿದ್ದರು, ಗುರುತು ನೋಡಿರಲಿಲ್ಲ. ಇಸ್ಪೀಟ್ 8 ಆ ಕಟ್ಟಿಗೆ ಹೋಗಿತ್ತು, ಕ್ಲಾವರ್ 8 ಈ ಕಟ್ಟಿಗೆ ಬಂದಿತ್ತು. ಎರಡೂ ಕಪ್ಪು ಎಂಟು, ಹಾಗಾಗಿ ಸಾಲುಗಳಲ್ಲಿ ಕೊನೆಯವರೆಗೂ ಏನೂ ವ್ಯತ್ಯಾಸ ಕಾಣುತ್ತಿರಲಿಲ್ಲ. "ನಿಂದೆಂತ ತಪ್ಪಿಲ್ಲೆ ಅತ್ತೆ, ಕಟ್ಟೇ ಸರಿ ಇಲ್ಲೆ" ಎಂದಾಗ ಅವರ ಮುಖ ಅರಳಿತು. ಅಷ್ಟು ದಿನ ಅವರು ತಮ್ಮ ಕಣ್ಣನ್ನೇ ದೂರುತ್ತಿದ್ದರು.

ಹಾಗಾಗಿ ಬರೀ ಎಣಿಸಿದರೆ ಸಾಲದು. ನಾಲ್ಕು ಗುರುತುಗಳನ್ನು ಬೇರೆ ಬೇರೆ ಮಾಡಿ, ಎಕ್ಕದಿಂದ ರಾಜನವರೆಗೆ ಜೋಡಿಸಿ, ಪ್ರತಿಯೊಂದರಲ್ಲಿ 13 ಇದೆಯಾ ನೋಡಿ. ಕೆಲವೇ ನಿಮಿಷದ ಕೆಲಸ. ಇನ್ನೊಂದು ಗುರುತು ನೆನಪಿಡಿ: ಬೇರೆ ಬೇರೆ ಆಟಗಳಲ್ಲಿ ಒಂದೇ ಮನೆ ಒಂದೇ ಅಂಕೆಗೆ ನಿಲ್ಲುತ್ತಿದ್ದರೆ, ಆ ಮನೆಯ ಮುಂದಿನ ಎಲೆಯೇ ಕಳೆದುಹೋದದ್ದು. ಕಳೆದದ್ದು ಎಕ್ಕವಾದರೆ ಆ ಗುರುತಿನ ಒಂದು ಎಲೆಯೂ ಮನೆ ಸೇರುವುದಿಲ್ಲ. ರಾಜ ಕಳೆದಿದ್ದರೆ ಉಳಿದ 51 ಎಲೆಯೂ ಮನೆ ಸೇರಿ, ಕೊನೆಗೆ ಒಂದು ಜಾಗ ಮಾತ್ರ ಖಾಲಿ ಉಳಿಯಬಹುದು. ಇಪ್ಪತ್ತೆಂಟು ಎಂಬ ಇಸ್ಪೀಟ್ ಆಟ ಆಡುವವರ ಕಟ್ಟಾದರೆ ಚಿಕ್ಕ ಎಲೆಗಳನ್ನು ಹುಡುಕಿ. ಆ ಆಟಕ್ಕೆ 7ರಿಂದ ಮೇಲಿನ 32 ಎಲೆ ಸಾಕು, ಎರಡರಿಂದ ಆರರವರೆಗಿನವು ಬೇರೆ ಕಡೆ ಇಟ್ಟಿರುತ್ತಾರೆ.

ಎಲೆ ನಿಜವಾಗಿ ಕಳೆದಿದ್ದರೆ ಕಟ್ಟು ಬಿಸಾಡಬೇಕಿಲ್ಲ. ಜೋಕರ್ ಮೇಲೆ ಪೆನ್ನಲ್ಲಿ ಆ ಎಲೆಯ ಹೆಸರು ಬರೆದು ಸೇರಿಸಿ.

ಕಲೆಸುವಾಗ ಮತ್ತು ಹಂಚುವಾಗ

ಒಂದು ಆಟ ಗೆದ್ದ ಮೇಲೆ ಕಟ್ಟಿನಲ್ಲಿ ನಾಲ್ಕೂ ಗುರುತು ಎಕ್ಕದಿಂದ ರಾಜನವರೆಗೆ ಕ್ರಮವಾಗಿ ಕೂತಿರುತ್ತವೆ. ಸೋತ ಆಟವಾದರೆ ಕೆಂಪು ಕಪ್ಪು ಇಳಿಯುವ ಸರಗಳು ಉಳಿದಿರುತ್ತವೆ. ಇದನ್ನು ಎರಡು ಸಲ ಎತ್ತಿ ಹಾಕಿದರೆ ಕಲೆತ ಹಾಗಲ್ಲ. ಎರಡು ಭಾಗ ಮಾಡಿ ಹೆಬ್ಬೆರಳಲ್ಲಿ ಬಿಡುತ್ತಾ ಹೆಣೆಯುವ ರೀತಿಯಲ್ಲಿ ಕಲೆಸಿದರೆ 52 ಎಲೆಗೆ ಏಳು ಸಲ ಬೇಕು ಎಂದು ಗಣಿತಜ್ಞರಾದ ಡೇವ್ ಬೇಯರ್ ಮತ್ತು ಪರ್ಸಿ ಡಯಾಕೋನಿಸ್ 1992ರಲ್ಲಿ ತೋರಿಸಿದರು. ನಮ್ಮಲ್ಲಿ ಹೆಚ್ಚಿನವರು ಮಾಡುವ ಹಾಗೆ ಕೈಯಲ್ಲಿ ಎತ್ತಿ ಎತ್ತಿ ಹಾಕಿದರೆ ಅದಕ್ಕಿಂತ ಎಷ್ಟೋ ಜಾಸ್ತಿ ಸಲ ಬೇಕಾಗುತ್ತದೆ. ತೇವದ ಎಲೆಯನ್ನು ಹೆಣೆದು ಕಲೆಸುವುದು ಕಷ್ಟ, ಮೂಲೆ ಮುರಿಯುತ್ತದೆ. ಆಗ ಎಲ್ಲ ಎಲೆಯನ್ನೂ ಚಾಪೆಯ ಮೇಲೆ ಬೋರಲು ಹರಡಿ, ಎರಡೂ ಅಂಗೈಯಲ್ಲಿ ಒಂದು ನಿಮಿಷ ಸುತ್ತಾಡಿಸಿ ಒಟ್ಟು ಮಾಡಿ. ನನಗೆ ಎಲ್ಲಕ್ಕಿಂತ ನಂಬಿಕೆ ಇರುವುದು ಇದರ ಮೇಲೆ.

ಸರಿಯಾಗಿ ಕಲೆಸಿಲ್ಲ ಅನ್ನುವುದಕ್ಕೆ ಗುರುತು: ಕೈಯಲ್ಲಿ ಉಳಿದ ಕಟ್ಟಿನಲ್ಲಿ ಆಟಿನ್ 4, 5, 6 ಹೀಗೆ ಒಂದೇ ಗುರುತಿನ ಎಲೆ ಸಾಲಾಗಿ ಬರುತ್ತವೆ. ಒಮ್ಮೆ ಬಂದರೆ ಆಕಸ್ಮಿಕ ಇರಬಹುದು. ಒಂದೇ ಆಟದಲ್ಲಿ ಎರಡು ಮೂರು ಕಡೆ ಬಂದರೆ ಕಲೆಸಿದ್ದು ಸಾಲದು.

ಹಂಚುವುದಕ್ಕೆ ಒಂದೇ ಮಾತು. ಅಡ್ಡಕ್ಕೆ ಹಂಚಿ. ಮೊದಲ ಸುತ್ತಿಗೆ ಏಳು ಎಲೆ, ಎಡದ ಮೊದಲನೆಯದು ತೆರೆದು, ಉಳಿದವು ಮುಚ್ಚಿ. ಮುಂದಿನ ಸುತ್ತಿಗೆ ಎರಡನೇ ಸಾಲಿನಿಂದ ಆರು, ಹೀಗೆ. ಪ್ರತಿ ಸುತ್ತಿನ ಮೊದಲ ಎಲೆ ಮಾತ್ರ ತೆರೆದಿರುತ್ತದೆ. ಉದ್ದಕ್ಕೆ ಹಂಚಿದರೆ ಕಟ್ಟಿನಲ್ಲಿ ಅಂಟಿಕೊಂಡಿದ್ದ ಸರ ಒಂದೇ ಸಾಲಿನೊಳಗೆ ಹೋಗಿ ಕೂರುತ್ತದೆ.

ಮೂರು ಮೂರು ತೆಗೆಯುವಾಗ ಆಗುವ ದೋಷ

ಹೆಚ್ಚು ಜನರಿಗೆ ಗೊತ್ತೇ ಆಗದ ದೋಷ ಇದು. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಕಟ್ಟಿನ ಮೇಲಿನ ಮೂರು ಎಲೆಯನ್ನು ಒಟ್ಟಿಗೆ ಹಿಡಿದು ಮಗುಚಿದರೆ ಮೂರನೇ ಎಲೆ ಮೇಲೆ ಬರುತ್ತದೆ. ಒಂದೊಂದಾಗಿ ತೆರೆದು ಒಂದರ ಮೇಲೊಂದು ಹಾಕಿದರೂ ಮೂರನೆಯದೇ ಮೇಲೆ. ಎರಡೂ ಸರಿ. ಆದರೆ ಕೆಲವರು ಒಂದೊಂದಾಗಿ ತೆರೆದು ಮುಂದಿನದನ್ನು ಹಿಂದಿನದರ ಅಡಿಗೆ ತಳ್ಳುತ್ತಾರೆ. ಆಗ ಮೊದಲನೆಯದು ಮೇಲೆ ಉಳಿಯುತ್ತದೆ, ಕ್ರಮ ಕೆಡುತ್ತದೆ. ಇನ್ನೂ ದೊಡ್ಡ ತಪ್ಪು ಎಂದರೆ ಕಟ್ಟು ಮುಗಿದ ಮೇಲೆ ತೆರೆದ ರಾಶಿಯನ್ನು ಕಲೆಸುವುದು. ಕಲೆಸಬಾರದು. ಇಡೀ ರಾಶಿಯನ್ನು ಹಾಗೇ ಮಗುಚಿ ಕೈಗೆ ತೆಗೆದುಕೊಳ್ಳಬೇಕು.

ಪರೀಕ್ಷೆ ಹೀಗೆ ಮಾಡಿ. ಒಂದು ಸುತ್ತಿನಲ್ಲಿ ಕಟ್ಟಿನಿಂದ ಒಂದೂ ಎಲೆ ಬಳಸದಿದ್ದರೆ, ಮುಂದಿನ ಸುತ್ತಿನಲ್ಲೂ ಅದೇ ಎಲೆಗಳು ಅದೇ ಕ್ರಮದಲ್ಲಿ ಮೇಲೆ ಬರಬೇಕು. ಬೇರೆ ಬಂದರೆ ನಿಮ್ಮ ಕೈಯಲ್ಲೇ ದೋಷ. ಎಲೆ ಅಂಟಿರಬಹುದು, ಅಡಿಗೆ ತಳ್ಳಿರಬಹುದು, ಇಲ್ಲ ಮಗುಚುವಾಗ ಜಾರಿರಬಹುದು.

ಇನ್ನು ಕೈ ಸರಿ ಇದ್ದೂ ಕಟ್ಟಿನಿಂದ ಏನೂ ಸಿಗದಿದ್ದಾಗ. 24 ಎಲೆಗೆ ಮೇಲಿನಿಂದ 1, 2, 3 ಎಂದು ನಂಬರ್ ಕೊಟ್ಟುಕೊಳ್ಳಿ. ಮೊದಲ ಸುತ್ತಿನಲ್ಲಿ ಮೇಲೆ ಬರುವುದು 3, 6, 9, 12, 15, 18, 21, 24. ಈಗ 6ನೆಯದನ್ನು ಬಳಸಿದಿರಿ ಅಂದುಕೊಳ್ಳಿ. ಆ ಸುತ್ತಿನ ಉಳಿದ ಭಾಗ ಮೊದಲಿನ ಹಾಗೇ ನಡೆಯುತ್ತದೆ. ಆದರೆ ಮುಂದಿನ ಸುತ್ತಿನಲ್ಲಿ ಬರುವುದು 3, ಆಮೇಲೆ 7, 10, 13, 16, 19, 22, ಕೊನೆಗೆ ಎರಡೇ ಎಲೆ ಉಳಿದು 24. ಅಂದರೆ ಒಂದು ಎಲೆ ತೆಗೆದದ್ದಕ್ಕೆ ಆರು ಹೊಸ ಎಲೆಗಳು ಮೇಲೆ ಬಂದವು. ಅದೇ 24ನೆಯದನ್ನು ಬಳಸಿದ್ದರೆ? ಮುಂದಿನ ಸುತ್ತಿನಲ್ಲಿ 3ರಿಂದ 21ರವರೆಗೆ ಎಲ್ಲ ಹಳೆಯದೇ, ಕೊನೆಗೆ ಮಾತ್ರ 23.

ಇದರಿಂದ ಎರಡು ವಿಷಯ ತಿಳಿಯುತ್ತದೆ. ಆಟ ಪೂರ್ತಿ ಬಿಗಿಯಾಗಿದ್ದರೆ ಕಟ್ಟಿನ ಮೊದಲ ಭಾಗದ ಎಲೆಯೊಂದನ್ನು ಹೇಗಾದರೂ ಬಳಸಲು ನೋಡಿ, ಅದರಿಂದ ನೇರ ಲಾಭ ಇಲ್ಲದಿದ್ದರೂ ಸರಿ. ಕಟ್ಟು ಸಡಿಲವಾಗುತ್ತದೆ. ಇನ್ನೊಂದು ಕಡೆ, ಮುಂದಿನ ಸುತ್ತಿಗೆ 9 ಮತ್ತು 12 ಬೇಕು ಎಂದು ಕಾಯುತ್ತಿದ್ದರೆ 6ಕ್ಕೆ ಕೈ ಹಚ್ಚುವ ಮೊದಲು ಯೋಚಿಸಿ. ಬೇಕಿದ್ದ ಎಲೆ ಒಳಗೆ ಹೋಗುತ್ತದೆ. 6ರ ಜೊತೆ ಅದರ ಕೆಳಗಿನ 5 ಮತ್ತು 4 ಕೂಡ ಬಳಸಲು ಆದರೆ ಚಿಂತೆಯಿಲ್ಲ. ಮೂರು ಎಲೆ ಹೋದಾಗ ಮುಂದಿನವು ಮತ್ತೆ ಮೊದಲಿನ ಜಾಗಕ್ಕೆ ಬಂದು ಕೂರುತ್ತವೆ. ಕೊನೆಯ ಕ್ಷಣದಲ್ಲಿ "ಈ ಎಲೆ ಮೊನ್ನೆ ಮೊನ್ನೆ ಮೇಲಿತ್ತಲ್ಲ, ಈಗೆಲ್ಲಿ ಹೋಯ್ತು" ಎನ್ನುವವರ ಆಟದಲ್ಲಿ ಆಗಿರುವುದು ಇದೇ.

ಆಟದ ದೋಷ

ಕಟ್ಟು ಸರಿ, ಹಂಚಿದ್ದು ಸರಿ, ಕೈಯೂ ಸರಿ. ಆದರೂ ನಿಂತಿದೆ. ಈಗ ಸಾಲುಗಳನ್ನು ನೋಡಿ.

ಖಾಲಿ ಸಾಲು ಇದೆ, ಅದಕ್ಕೆ ಹಾಕಲು ರಾಜ ಇಲ್ಲ. ತುಂಬಾ ಸಾಮಾನ್ಯವಾದ ದೋಷ ಇದು. ಸಾಲು ಖಾಲಿ ಮಾಡುವುದರಲ್ಲಿ ಒಂದು ಖುಷಿ ಇದೆ, ಹಾಗಾಗಿ ಸುಮ್ನೆ ಮಾಡಿಬಿಡುತ್ತೇವೆ. ಆದರೆ ರಾಜ ಸಿಗುವವರೆಗೆ ಆ ಜಾಗ ಯಾವುದಕ್ಕೂ ಬರುವುದಿಲ್ಲ. ರಾಜ ಕಣ್ಣಿಗೆ ಬಿದ್ದ ಮೇಲೆ ಖಾಲಿ ಮಾಡಿ. ಎರಡು ರಾಜ ಇದ್ದರೆ ಬಣ್ಣ ನೋಡಿ ಆರಿಸಿ. ಕಾಯುತ್ತಿರುವ ರಾಣಿ ಕೆಂಪಾದರೆ ಕಪ್ಪು ರಾಜ ಬೇಕು. ಆ ಸರಕ್ಕೆ ಮುಂದೆ ಕಪ್ಪು ಗುಲಾಮ, ಕೆಂಪು 10 ಬರಬೇಕು. ಅವು ಎಲ್ಲಿವೆ ಎಂದು ಒಮ್ಮೆ ಕಣ್ಣು ಹಾಯಿಸಿ.

ಮನೆಗಳು ಬೇಗ ಬೆಳೆದಿವೆ, ಸಾಲುಗಳು ಸತ್ತಿವೆ. ಇದು ಆತುರದ ದೋಷ. ಆಟಿನ್ 5 ಮನೆಗೆ ಹೋಗಬಹುದು ಎಂದು ಕಂಡ ಕೂಡಲೇ ಹಾಕಿದಿರಿ. ಆಮೇಲೆ ಇಸ್ಪೀಟ್ 4ರ ಕೆಳಗೆ ಮುಚ್ಚಿದ ಎಲೆ ಸಿಕ್ಕಿಕೊಂಡಿತು, ಆ ನಾಲ್ಕನ್ನು ಇಳಿಸಲು ಕೆಂಪು 5 ಇಲ್ಲ. ಎಕ್ಕ ಮತ್ತು ಎರಡನ್ನು ಯಾವಾಗಲೂ ಕೂಡಲೇ ಮನೆಗೆ ಹಾಕಿ, ಅದರಿಂದ ತೊಂದರೆ ಇಲ್ಲ. ಮೂರು ಮತ್ತು ಮೇಲಿನದಕ್ಕೆ ಈ ನಿಯಮ ಇಟ್ಟುಕೊಳ್ಳಿ: ಅದರ ಮೇಲೆ ಕೂರಬೇಕಾದ ಎರಡೂ ಎಲೆಗಳು ಮನೆ ಸೇರಿದ್ದರೆ ಮಾತ್ರ ನಿಶ್ಚಿಂತೆಯಿಂದ ಹಾಕಿ. ಅಂದರೆ ಎರಡೂ ಕಪ್ಪು 4 ಮನೆಯಲ್ಲಿದ್ದರೆ ಕೆಂಪು 5 ಹೊರಗಿದ್ದು ಮಾಡಬೇಕಾದ ಕೆಲಸ ಏನೂ ಇಲ್ಲ. ಒಂದು ಕಪ್ಪು 4 ಇನ್ನೂ ಹೊರಗಿದ್ದರೆ ಐದನ್ನು ತಡೆಯಿರಿ, ಬೇರೆ ದಾರಿ ಇಲ್ಲದಾಗ ಮಾತ್ರ ಹಾಕಿ. ಮನೆಯಿಂದ ಎಲೆಯನ್ನು ವಾಪಸ್ ಸಾಲಿಗೆ ಇಳಿಸಲು ಹಲವರ ಆಟದಲ್ಲಿ ಅನುಮತಿ ಇದೆ. ನಿಮ್ಮ ಮನೆಯಲ್ಲೂ ಇದ್ದರೆ, ನಿಂತ ಆಟದಲ್ಲಿ ಮೊದಲು ಇದನ್ನೇ ಪ್ರಯತ್ನಿಸಿ. ಎಷ್ಟೋ ಆಟ ಇಲ್ಲೇ ಬಿಡಿಸಿಕೊಳ್ಳುತ್ತವೆ.

ಬಲಗಡೆಯ ಸಾಲುಗಳು ಹಾಗೇ ಉಳಿದಿವೆ. ಮುಚ್ಚಿದ 21 ಎಲೆಗಳಲ್ಲಿ ಆರು ಏಳನೇ ಸಾಲಿನಲ್ಲಿವೆ, ಐದು ಆರನೆಯದರಲ್ಲಿ. ಎರಡೇ ಸಾಲಿನಲ್ಲಿ ಅರ್ಧಕ್ಕಿಂತ ಜಾಸ್ತಿ. ಎಡದ ಚಿಕ್ಕ ಸಾಲುಗಳು ಸುಲಭ, ಹಾಗಾಗಿ ಕೈ ಅಲ್ಲಿಗೇ ಹೋಗುತ್ತದೆ. ಇಸ್ಪೀಟ್ 10 ಒಂದೇ ಇದೆ, ಎರಡು ಕೆಂಪು 9 ಅದರ ಮೇಲೆ ಕೂರಲು ತಯಾರಾಗಿವೆ ಅಂದರೆ, ಯಾವುದರ ಕೆಳಗೆ ಮುಚ್ಚಿದ ಎಲೆ ಜಾಸ್ತಿಯೋ ಅದನ್ನೇ ಎತ್ತಿ.

ಸಾಲಿನಿಂದ ಸಾಲಿಗೆ ಎಲೆ ಓಡಾಡುತ್ತಿವೆ, ಹೊಸ ಎಲೆ ತೆರೆಯುತ್ತಿಲ್ಲ. ಒಂದು ಎಲೆ ಎತ್ತಿದರೆ ಮುಚ್ಚಿದ ಎಲೆ ತೆರೆಯಬೇಕು, ಅಥವಾ ಕೆಳಗಿನದು ಮನೆಗೆ ಹೋಗಬೇಕು, ಅಥವಾ ಕಟ್ಟಿನ ಎಲೆಗೆ ಜಾಗ ಆಗಬೇಕು. ಮೂರರಲ್ಲಿ ಒಂದೂ ಆಗದಿದ್ದರೆ ಅದನ್ನು ಎತ್ತಬೇಡಿ. ಆ ಜಾಗ ಮುಂದೆ ಬೇಕಾಗುತ್ತದೆ.

ಎಲೆ ತೆರೆದು ನೋಡುವುದು

ಏನೂ ಸಿಗಲಿಲ್ಲ, ಆಟ ಬಿಡುವುದೇ ಎಂದು ತೀರ್ಮಾನವಾದ ಮೇಲೆ, ಸಾಲುಗಳ ಜಾಗ ಕದಲಿಸದೆ ಮುಚ್ಚಿದ ಎಲೆಗಳನ್ನು ತೆರೆದು ನೋಡಿ. ಸೋತ ಆಟದ ನಿಜವಾದ ಬೆಲೆ ಇರುವುದು ಇಲ್ಲೇ ಎಂದು ನಾನು ನಂಬಿದ್ದೇನೆ.

ಮೊದಲು ಹುಡುಕಬೇಕಾದದ್ದು ಸತ್ತ ಸಾಲು. ಉದಾಹರಣೆಗೆ ಏಳನೇ ಸಾಲಿನ ತೆರೆದ ಎಲೆ ಕ್ಲಾವರ್ 8. ಅದು ಅಲ್ಲಿಂದ ಹೊರಡಲು ಎರಡೇ ದಾರಿ. ಕೆಂಪು 9ರ ಮೇಲೆ ಕೂರಬೇಕು, ಇಲ್ಲವೇ ಕ್ಲಾವರ್ 7ರ ನಂತರ ಮನೆಗೆ ಹೋಗಬೇಕು. ಈಗ ಅದರ ಕೆಳಗೆ ಮುಚ್ಚಿದ ಎಲೆಗಳಲ್ಲಿ ಆಟಿನ್ 9, ಡೈಮಂಡ್ 9, ಮತ್ತೆ ಕ್ಲಾವರ್ 3 ಇದ್ದರೆ? ಎರಡೂ ಒಂಬತ್ತು ಅದರ ಅಡಿಯಲ್ಲೇ ಇವೆ. ಮೂರು ಹೊರಗೆ ಬಾರದೆ ಕ್ಲಾವರ್ ಮನೆ ಎರಡಕ್ಕಿಂತ ಮುಂದೆ ಹೋಗುವುದಿಲ್ಲ. ಆ ಎಂಟು ಎಂದೆಂದೂ ಕದಲದು. ಯಾರು ಆಡಿದರೂ, ಎಷ್ಟು ಹೊತ್ತು ಆಡಿದರೂ ಆ ಆಟ ಮುಗಿಯುತ್ತಿರಲಿಲ್ಲ. ಪ್ರತಿ ಸಾಲಿಗೂ ಇದೇ ಪ್ರಶ್ನೆ ಕೇಳಿ: ಮೇಲಿನ ಎಲೆಗೆ ಬೇಕಾದ ಎರಡು ಆಸರೆಗಳೂ, ಅದೇ ಗುರುತಿನ ಒಂದು ಚಿಕ್ಕ ಎಲೆಯೂ ಅದರ ಅಡಿಯಲ್ಲೇ ಇವೆಯಾ?

ಹೌದಾದರೆ ನಿಮ್ಮ ತಪ್ಪಿಲ್ಲ. ಇಲ್ಲವಾದರೆ ಹಿಂದೆ ಹೋಗಿ. ಎರಡು ದಾರಿ ಇದ್ದಾಗ ನೀವು ಬಿಟ್ಟ ದಾರಿ ಯಾವುದು, ಅದರ ಅಡಿಯಲ್ಲಿ ಏನಿತ್ತು ಎಂದು ನೋಡಿ. ಬೇಕಿದ್ದ ಎಕ್ಕ ಅಲ್ಲೇ ಕೂತಿರುವುದು ಎಷ್ಟೋ ಸಲ ಕಾಣುತ್ತದೆ. ಅದೃಷ್ಟವನ್ನು ದೂರುವುದಕ್ಕೂ ಒಂದು ಮಿತಿ ಇದೆ. 52 ಎಲೆಯೂ ಎಲ್ಲೆಲ್ಲಿವೆ ಎಂದು ಮೊದಲೇ ಗೊತ್ತಿದ್ದು, ಮೂರು ಮೂರು ತೆಗೆದು, ಕಟ್ಟನ್ನು ಬೇಕಾದಷ್ಟು ಸಲ ತಿರುಗಿಸಿ ಆಡಿದರೆ 100ರಲ್ಲಿ ಸುಮಾರು 82 ಆಟ ಗೆಲ್ಲಬಹುದು ಎಂದು ಕಂಪ್ಯೂಟರ್ ಲೆಕ್ಕದಿಂದ ಗೊತ್ತಾಗಿದೆ. ಮುಚ್ಚಿದ ಎಲೆ ಕಾಣದ ನಾವು ಅಷ್ಟು ಗೆಲ್ಲಲಾರೆವು. ಆದರೆ ದಿನವೂ ಪ್ರತಿ ಆಟವೂ ನಿಲ್ಲುತ್ತಿದ್ದರೆ ಅದಕ್ಕೆ ಎಲೆ ಕಾರಣವಲ್ಲ.

ಮೊಬೈಲಿನಲ್ಲಿ ಆಡುವವರಿಗೆ

ಕಟ್ಟಿನ ದೋಷ, ಹಂಚುವ ದೋಷ ಇಲ್ಲಿರುವುದಿಲ್ಲ. ಸೆಟ್ಟಿಂಗ್ ನೋಡಿ. ಒಂದು ಎಲೆ ತೆಗೆಯುವುದೋ ಮೂರೋ, ಕಟ್ಟನ್ನು ಎಷ್ಟು ಸಲ ತಿರುಗಿಸಬಹುದು ಎಂದು ಅಲ್ಲಿರುತ್ತದೆ. ವೇಗಸ್ ಎಂಬ ಅಂಕ ಎಣಿಸುವ ರೀತಿಯಲ್ಲಿ ಇದಕ್ಕೆ ಮಿತಿ ಇರುತ್ತದೆ, ಅದು ತಿಳಿಯದೆ ಆಟ ಕೆಟ್ಟಿದೆ ಅಂದುಕೊಳ್ಳುವವರಿದ್ದಾರೆ. ಎಲೆಯನ್ನು ತಾನಾಗಿಯೇ ಮನೆಗೆ ಕಳಿಸುವ ಸೌಲಭ್ಯ ಇದ್ದರೆ ಆಫ್ ಮಾಡಿಬಿಡಿ. ಮೇಲೆ ಹೇಳಿದ ಆತುರದ ದೋಷವನ್ನು ಅದೇ ನಿಮ್ಮ ಪರವಾಗಿ ಮಾಡುತ್ತಿರುತ್ತದೆ.

ಇನ್ನೂ ಅನುಮಾನ ಇದ್ದರೆ

ನಿಮ್ಮ ಆಟದಲ್ಲಿ ದೋಷವೋ ಎಲೆಯಲ್ಲೋ ಎಂದು ತೀರ್ಮಾನ ಆಗದಿದ್ದರೆ ಕೆಲವು ದಿನ ಫ್ರೀಸೆಲ್ ಆಡಿ. ಅದಕ್ಕೂ ಒಂದೇ ಕಟ್ಟು. ಎಂಟು ಸಾಲು, ಮೊದಲ ನಾಲ್ಕರಲ್ಲಿ ಏಳೇಳು ಎಲೆ, ಉಳಿದ ನಾಲ್ಕರಲ್ಲಿ ಆರಾರು. 52 ಎಲೆಯೂ ತೆರೆದೇ ಇರುತ್ತವೆ. ಎಲೆಯನ್ನು ಸ್ವಲ್ಪ ಹೊತ್ತು ಇಟ್ಟುಕೊಳ್ಳಲು ನಾಲ್ಕು ಖಾಲಿ ಜಾಗ. ಸಾಲಿನಲ್ಲಿ ಇಳಿಸುವ ಕ್ರಮ, ಮನೆ ಕಟ್ಟುವ ಕ್ರಮ ಕ್ಲೋಂಡೈಕಿನದೇ. ಖಾಲಿ ಸಾಲಿಗೆ ಮಾತ್ರ ಯಾವ ಎಲೆಯನ್ನಾದರೂ ಹಾಕಬಹುದು. ಮುಚ್ಚಿದ ಎಲೆ ಇಲ್ಲದ್ದರಿಂದ ನೆಪ ಹೇಳಲು ಜಾಗವಿಲ್ಲ. ವಿಂಡೋಸಿನ ಹಳೇ ಫ್ರೀಸೆಲ್‌ನಲ್ಲಿ ನಂಬರ್ ಹಾಕಿದ 32,000 ಆಟಗಳಿದ್ದವು. ಅವುಗಳಲ್ಲಿ ಬಿಡಿಸಲಾಗದ್ದು 11982ನೇ ಆಟ ಒಂದೇ. ಬೇರೆ ಯಾವ ನಂಬರಿನಲ್ಲಿ ನಿಂತರೂ ದಾರಿ ಇದ್ದೇ ಇದೆ. ಅದೇ ನಂಬರನ್ನು ಮತ್ತೆ ಹಾಕಿ. ಮನೆಗೆ ಯಾವ ಎಲೆಯನ್ನು ಬೇಗ ಕಳಿಸಿದ್ದಿರೋ ಅದನ್ನು ಈ ಸಲ ತಡೆದು ಆಡಿ ನೋಡಿ.